ಜೋಡಿಯಲ್ಲಿ ಎರಡನೆಯ ಹೆಸರು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಲಗ್ನಪತ್ರಿಕೆ ಅಚ್ಚು ಹಾಕುವ ಎಲ್ಲ ಪ್ರೆಸ್ಸಿನವರಿಗೆ,

ಹಳ್ಳಿಮೈಸೂರು ಹೋಬಳಿಯ ಒಬ್ಬ ನಿವೃತ್ತ ಕನ್ನಡ ಟೀಚರು ಬರೆಯುವುದು.

ಹೋದ ವೈಶಾಖದಲ್ಲಿ ನಮ್ಮ ಮಗಳ ಮದುವೆಯಾಯಿತು. ಲಗ್ನಪತ್ರಿಕೆಯ ಒಕ್ಕಣೆಯನ್ನು ನಾನೇ ಬಿಳಿ ಹಾಳೆಯ ಮೇಲೆ ದುಂಡಗೆ ಬರೆದು ನಿಮ್ಮಲ್ಲೊಬ್ಬರ ಅಂಗಡಿಗೆ ಕೊಟ್ಟು ಬಂದಿದ್ದೆ. ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದ ಕೈ, ಓದಲು ತಿಣುಕಬೇಕಾದ ಅಕ್ಷರವಲ್ಲ. ಮೂರು ದಿನ ಬಿಟ್ಟು ಕರಡು ನೋಡಲು ಹೋದರೆ ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ‘ಶ್ರೀಮತಿ ಮತ್ತು ಶ್ರೀ’ ಎಂದಿತ್ತು, ಅದರ ಮುಂದೆ ನಮ್ಮ ಯಜಮಾನರ ಹೆಸರು, ಇನಿಷಿಯಲ್ ಸಮೇತ. ಬೀಗಿತಿಯವರ ಹೆಸರಿಗೂ ಅದೇ ಗತಿಯಾಗಿತ್ತು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗನನ್ನು ಕೇಳಿದೆ. ಅವನು ಮರ್ಯಾದೆಯಿಂದಲೇ ಹೇಳಿದ: “ಎರಡೆರಡು ಹೆಸರಿಗೆ ಜಾಗ ಸಾಲಲ್ಲ ಮೇಡಂ. ಎಲ್ಲಾರೂ ಹಿಂಗೇ ಹಾಕ್ಸೋದು. ಜೋಡಿ ಅಂದ್ಮೇಲೆ ಒಬ್ಬರ ಹೆಸರು ಇದ್ರೆ ಸಾಕಲ್ವಾ?”

ಮುಹೂರ್ತಕ್ಕೆ ಹದಿನೈದೇ ದಿನ ಉಳಿದಿತ್ತು. ಊರೂರು ತಿರುಗಿ ಕಾಗದ ಕೊಡಬೇಕಿತ್ತು. ಆಗಲಿ ಎಂದು ಬಂದುಬಿಟ್ಟೆ. ಆರುನೂರು ಪತ್ರಿಕೆ ಹಾಗೆಯೇ ಅಚ್ಚಾಗಿ, ಮೂಲೆಗೆ ಅರಿಸಿನ ಹಚ್ಚಿಸಿಕೊಂಡು ಮನೆಮನೆಗೆ ಹೋದವು. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನು ಕೇಳಿದ್ದಕ್ಕೆ ಉತ್ತರ ಹೇಳದೆ ಬಂದೆನಲ್ಲ ಎಂಬುದು ಮಾತ್ರ ಒಳಗೇ ಕೊರೆಯುತ್ತಿದೆ. ಆ ಉತ್ತರವನ್ನು ಎಲ್ಲರಿಗೂ ಕಾಣುವ ಹಾಗೆ ಈಗ ಬರೆಯುತ್ತಿದ್ದೇನೆ.

ಎರಡನ್ನು ಒಟ್ಟಿಗೆ ಹೇಳಲು ನಮ್ಮ ಮಾತಿನಲ್ಲಿ ಎಷ್ಟೊಂದು ಪದಗಳಿವೆ ನೋಡಿ. ಎತ್ತಿಗೆ ಜೊತೆ. ಒಂದೇ ಬಸಿರಿನಲ್ಲಿ ಬಂದ ಮಕ್ಕಳಿಗೆ ಅವಳಿಜವಳಿ. ಮನೆ ನಡೆಸುವವರಿಗೆ ದಂಪತಿ. ಹಾಡಿದರೆ ಯುಗಳಗೀತೆ. ಕೋವಿಗೆ ಜೋಡುನಳಿಗೆ. ಬ್ಯಾಂಕಿಗೆ ಹೋದರೆ ಜಂಟಿ ಖಾತೆ. ಕುಸ್ತಿಯ ಅಖಾಡದಲ್ಲಿ ಒಬ್ಬರನ್ನೊಬ್ಬರು ಕೆಡವಲು ನಿಂತವರಿಗೂ ಜೋಡಿ ಎಂದೇ ಹೆಸರು. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಪೈಲ್ವಾನರನ್ನು ಹೊಂದಿಸುವುದಕ್ಕೆ ಜೋಡಿ ಕಟ್ಟುವುದು ಎನ್ನುತ್ತಾರೆ. ಇನ್ನು ಕನ್ನಡದ ‘ಇರ್’ ಎಂಬ ಆ ಪುಟ್ಟ ಬೇರು ಇಬ್ಬರಲ್ಲಿದೆ, ಇಮ್ಮಡಿಯಲ್ಲಿದೆ, ಇಕ್ಕೆಲದಲ್ಲಿದೆ, ಇಪ್ಪತ್ತು ಇನ್ನೂರುಗಳ ಒಳಗೂ ಕೂತಿದೆ. ಇವುಗಳಲ್ಲಿ ಯಾವ ಪದವನ್ನು ಬೇಕಾದರೂ ಬಿಡಿಸಿ ನೋಡಿ, ಒಂದಿದ್ದರೆ ಸಾಕು ಎಂಬ ಅರ್ಥ ಸಿಕ್ಕುವುದಿಲ್ಲ.

ಜೊತೆ ಎಂದರೇನು ಎಂದು ನಾನು ಕಲಿತದ್ದು ಶಾಲೆಯಲ್ಲಲ್ಲ, ನಮ್ಮಪ್ಪನ ಕೈ ಹಿಡಿದು ಹೋದ ದನಗಳ ಜಾತ್ರೆಯಲ್ಲಿ. ಚನ್ನರಾಯಪಟ್ಟಣ ತಾಲ್ಲೂಕು ಹಿರೀಸಾವೆ ಹೋಬಳಿಯ ಬೂಕನಬೆಟ್ಟದ ಜಾತ್ರೆ. ಚಳಿ ಬಿಡದ ಬೆಳಗು, ಬೆಟ್ಟದ ಬುಡದಲ್ಲಿ ಸಾಲುಸಾಲಾಗಿ ಕಟ್ಟಿದ ಹಳ್ಳಿಕಾರ್ ಎತ್ತುಗಳು, ಹುಲ್ಲಿನ ಹೊಗೆ, ಗಂಜಲದ ವಾಸನೆ. ಅಪ್ಪ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ಆಮೇಲೆ ಮೈಮೇಲಿನ ಸುಳಿ. ಅದಾದ ಮೇಲೆ ಎರಡನ್ನೂ ಒತ್ತಿಗೊತ್ತಿ ನಿಲ್ಲಿಸಿ, ಹಿಂದಕ್ಕೆ ನಾಲ್ಕು ಹೆಜ್ಜೆ ಸರಿದು, ಕಣ್ಣು ಕಿರಿದು ಮಾಡಿ ನೋಡುವನು. ಡುಬ್ಬ ಸಮಕ್ಕಿದೆಯೋ, ಕೊಂಬಿನ ಬಾಗು ಒಂದೇ ಸಮ ಇದೆಯೋ, ನಡೆಸಿದರೆ ಹೆಜ್ಜೆ ಹೊಂದುತ್ತದೋ. ಒಂದು ಎಷ್ಟೇ ಚೆಂದವಿರಲಿ, ಇನ್ನೊಂದು ಅದಕ್ಕೆ ಒಪ್ಪದಿದ್ದರೆ “ಜೊತೆ ಆಗಲ್ಲ” ಎಂದು ಮುಂದಕ್ಕೆ ಹೋಗಿಬಿಡುತ್ತಿದ್ದ. ದಳ್ಳಾಳಿಯೂ ಅಪ್ಪನೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಆಡುತ್ತಿದ್ದ ಬೆಲೆ ಜೊತೆಯ ಬೆಲೆ. ಒಂಟಿ ಎತ್ತಿಗೆ ಅದರ ಅರ್ಧ ಹೇಳಿದರೂ ಕೇಳುವವರಿರಲಿಲ್ಲ. ಊರಿಗೆ ಬಂದ ಮೇಲೆ ಎರಡಕ್ಕೂ ಒಂದೊಂದು ಹೆಸರು, ಎಡದ್ದು ರಾಮ, ಬಲದ್ದು ಲಕ್ಷ್ಮಣ. ಉಳುವಾಗ ಎಡದ್ದು ಸೋತರೆ ಎಡದ್ದರ ಹೆಸರು, ಬಲದ್ದು ಜಗ್ಗಿದರೆ ಬಲದ್ದರ ಹೆಸರು ಕೂಗುತ್ತಿದ್ದ. ರಾಮ ಎಂದ ಮಾತ್ರಕ್ಕೆ ಲಕ್ಷ್ಮಣ ಹೆಜ್ಜೆ ಎತ್ತುತ್ತಿರಲಿಲ್ಲ. ನೊಗ ಒಂದೇ ಆದರೂ ಹೆಸರು ಎರಡು ಬೇಕಿತ್ತು.

ಟೀಚರಾದ ಮೇಲೆ ಇದನ್ನೇ ವ್ಯಾಕರಣದ ಪಾಠದಲ್ಲಿ ಹೇಳಬೇಕಾಯಿತು. ಕೆರೆಯೂ ಕಟ್ಟೆಯೂ ಸೇರಿ ಕೆರೆಕಟ್ಟೆ, ಗಿಡವೂ ಮರವೂ ಸೇರಿ ಗಿಡಮರ. ಎಲ್ಲ ಪದಗಳ ಅರ್ಥವೂ ಪ್ರಧಾನವಾಗಿದ್ದರೆ ಅದು ದ್ವಂದ್ವ ಸಮಾಸ. ತತ್ಪುರುಷದಲ್ಲಿ ಹಿಂದಿನ ಪದ ಮುಂದಿನ ಪದಕ್ಕೆ ಅಧೀನ. ಬಹುವ್ರೀಹಿಯಲ್ಲಿ ಎರಡೂ ಸೇರಿ ಬೇರೊಂದನ್ನೇ ಹೇಳುತ್ತವೆ. ದ್ವಂದ್ವದಲ್ಲಿ ಮಾತ್ರ ಯಾವ ಪದವೂ ಇನ್ನೊಂದಕ್ಕೆ ತಲೆ ಬಾಗಿಸುವುದಿಲ್ಲ. ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ ಎಂದು ಎಷ್ಟು ಸಲ ಹೇಳಿದ್ದೇನೋ. ನಿಮ್ಮಲ್ಲಿಯೂ ಕೆಲವರು ನನ್ನ ಶಿಷ್ಯರಿರಬಹುದು. ಅಂಥವರಿಗೆ ಆ ಪಾಠದಲ್ಲಿ ನಾನು ಬಿಟ್ಟ ಒಂದು ಮಾತನ್ನು ಈಗ ಹೇಳುತ್ತೇನೆ. ವಿಗ್ರಹವಾಕ್ಯ ಬರೆಯುವಾಗ ಪ್ರತಿ ಪದಕ್ಕೂ ಒಂದು ‘ಊ’ ಬರುತ್ತದಲ್ಲ, ಅವ್ವನೂ ಅಪ್ಪನೂ ಎಂದು, ಅದು ನಮ್ಮ ಭಾಷೆ ಎರಡನ್ನು ಕೂಡಿಸುವ ರೀತಿ. ಆ ‘ಊ’ ತೂಗಾಡಲು ಹೆಸರು ಬೇಕು. ಹೆಸರಿಲ್ಲದೆ ಬರಿಯ ‘ಊ’ ಹಾಕಲು ಬರುವುದಿಲ್ಲ. ‘ಮತ್ತು’ವಿನ ಕತೆ ಹಾಗಲ್ಲ. ಅದು ನಡುವೆ ಒಂದೇ ಸಲ ಬರುತ್ತದೆ, ಅದರ ಹಿಂದೆ ಹೆಸರಿದೆಯೋ ಇಲ್ಲವೋ ಕೇಳುವುದಿಲ್ಲ. ನಿಮ್ಮ ‘ಶ್ರೀಮತಿ ಮತ್ತು ಶ್ರೀ’ಯಲ್ಲಿ ಶ್ರೀಮತಿ ಎಂಬುದು ಟವೆಲ್ ಹಾಕಿ ಹಿಡಿದಿಟ್ಟ ಬಸ್ಸಿನ ಸೀಟಿನ ಹಾಗಿದೆ. ಜಾಗ ಕಾಣುತ್ತದೆ, ಕೂತವರು ಕಾಣುವುದಿಲ್ಲ.

ಸಂಸ್ಕೃತದಲ್ಲಿ ಎರಡಕ್ಕೇ ಬೇರೆ ವಚನವಿದೆ, ದ್ವಿವಚನ. ದಂಪತಿ ಎಂಬುದು ಅಲ್ಲಿ ದ್ವಿವಚನದಲ್ಲಿ ನಿಂತು ಇಬ್ಬರನ್ನೂ ಹೇಳುವ ರೂಪ. ಅದೇ ಸಂಸ್ಕೃತದಲ್ಲಿ ಏಕಶೇಷ ಎಂಬ ಇನ್ನೊಂದು ವಿಧಿ ಇದೆ. ಪಾಣಿನಿಯ ಒಂದು ಸೂತ್ರದ ಪ್ರಕಾರ ತಾಯಿ ತಂದೆಯರನ್ನು ಒಟ್ಟಿಗೆ ಹೇಳುವಾಗ ತಾಯಿ ಪದವನ್ನು ಬಿಟ್ಟು ತಂದೆ ಪದಕ್ಕೇ ದ್ವಿವಚನ ಹಚ್ಚಬಹುದು, ಇಬ್ಬರೂ ಬಂದರೆಂದು ಲೆಕ್ಕ. ಒಂದು ಉಳಿಯುತ್ತದೆ, ಆದ್ದರಿಂದ ಏಕಶೇಷ. ಅಲ್ಲಿಯೂ ಅದು ಕಡ್ಡಾಯವಲ್ಲ, ತಾಯಿಯನ್ನು ಉಳಿಸಿಕೊಂಡು ಹೇಳುವ ದಾರಿಯೂ ಇದೆ. ಕನ್ನಡಕ್ಕೆ ದ್ವಿವಚನವಿಲ್ಲ. ಹಾಗಾಗಿ ಅಪ್ಪ ಎಂಬ ಪದದೊಳಗೆ ಅವ್ವನನ್ನು ಅಡಗಿಸುವ ಉಪಾಯವೂ ಇಲ್ಲ. ತಂದೆತಾಯಿ ಎನ್ನಲೇಬೇಕು, ಅತ್ತೆಮಾವ ಎನ್ನಲೇಬೇಕು. ಭಾಷೆ ಒಪ್ಪದ್ದನ್ನು ನಾವು ಕಾಗದದ ಮೇಲೆ ಮಾಡಿಕೊಂಡಿದ್ದೇವೆ.

ಪತ್ರಿಕೆಯ ನೆತ್ತಿಯ ಮೇಲೆ ನೀವೇ ಏನು ಅಚ್ಚು ಹಾಕುತ್ತೀರಿ ಒಮ್ಮೆ ಓದಿ. ‘ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ’. ಹೊಳೆನರಸೀಪುರದ ಸ್ವಾಮಿ. ಊರಿನ ಹೆಸರಿನಲ್ಲಿ ನರಸಿಂಹ ಒಬ್ಬನೇ ಉಳಿದಿದ್ದರೂ ದೇವರ ಹೆಸರಿನಲ್ಲಿ ಲಕ್ಷ್ಮಿ ಇದ್ದಾಳೆ, ಅದೂ ಮೊದಲು. ಸೀತಾರಾಮ, ಉಮಾಮಹೇಶ್ವರ, ಪಾರ್ವತೀಪರಮೇಶ್ವರ, ಎಲ್ಲದರಲ್ಲೂ ಅಮ್ಮನವರ ಹೆಸರೇ ಮುಂದೆ. ಅದರಿಂದ ನಾಲ್ಕು ಸಾಲು ಕೆಳಗೆ, ಹೆಣ್ಣನ್ನು ಹೆತ್ತು ಸಾಕಿ ಧಾರೆ ಎರೆದು ಕೊಡುವವಳಿಗೆ ಹೆಸರಿಲ್ಲ. ಮದುಮಗಳಿಗೇನೋ ಇದೆ, ಹೂವಿನ ಅಕ್ಷರದಲ್ಲಿ, ದೊಡ್ಡದಾಗಿ. ಇಪ್ಪತ್ತೈದು ವರ್ಷ ಕಳೆದು ಅವಳ ಮಗಳ ಮದುವೆ ಬರುವ ಹೊತ್ತಿಗೆ ಅವಳೂ ‘ಶ್ರೀಮತಿ’ ಎಂಬ ಮೂರಕ್ಷರವಾಗಿರುತ್ತಾಳೆ.

ಇದು ಹಿಂದಿನಿಂದ ಬಂದದ್ದು ಎಂದು ಕೆಲವರು ಹೇಳಿದರು. ಹಿಂದೆ ಎಂದರೆ ಎಷ್ಟು ಹಿಂದೆ? ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಕೆರೆಯ ದಡದಲ್ಲಿ ಲಕ್ಷ್ಮೀದೇವಿ ಗುಡಿ. 1113–14ರ ಸುಮಾರಿನದು, ಬೇಲೂರಿನ ಚೆನ್ನಕೇಶವನಿಗಿಂತಲೂ ಹಿಂದಿನದು. ಅದನ್ನು ಕಟ್ಟಿಸಿದವರು ರಾಜರಾಣಿಯಲ್ಲ, ವ್ಯಾಪಾರಿ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ. ಒಂಬೈನೂರು ವರ್ಷ ಮಳೆ ಬಿಸಿಲು ತಿಂದ ಊರಿನಲ್ಲಿ ಆ ಇಬ್ಬರ ಹೆಸರೂ ಕಲ್ಲಿನ ಮೇಲೆ ಉಳಿದುಕೊಂಡಿವೆ. ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಅಲ್ಲಿ ಎರಡೂ ಹೆಸರನ್ನು ಗಟ್ಟಿಯಾಗಿ ಹೇಳಿಸುತ್ತಿದ್ದೆ. ಸಹಜಾದೇವಿಯ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ, ಆದರೆ ಅವಳನ್ನು ಹೆಸರು ಹಿಡಿದು ಕರೆಯಬಹುದು. ಕಲ್ಲಿನ ಮೇಲೆ ಒಂದು ಅಕ್ಷರ ಕೆತ್ತಲು ಎಷ್ಟು ಉಳಿಯೇಟು ಬೇಕು ಎಂದು ಯೋಚಿಸಿದರೆ, ಜಾಗ ಸಾಲದು ಎಂಬ ಮಾತು ಆ ಕಾಲಕ್ಕೇ ಹೆಚ್ಚು ಒಪ್ಪುತ್ತಿತ್ತು.

ಮೊಸಳೆಗೆ ಹೋಗಿದ್ದೀರಾ? ಹಾಸನದಿಂದ ಹೊಳೆನರಸೀಪುರಕ್ಕೆ ಬರುವ ಕಡೆ ಇರುವ ಊರು. ನಾಗೇಶ್ವರನ ಗುಡಿ ಒಂದು, ಚೆನ್ನಕೇಶವನ ಗುಡಿ ಒಂದು, ಅಕ್ಕಪಕ್ಕದಲ್ಲಿ, ನಡುವೆ ನಾಲ್ಕು ಹೆಜ್ಜೆ. ಶಿವನದು ಯಾವುದು ವಿಷ್ಣುವಿನದು ಯಾವುದು ಎಂದು ದೂರದಿಂದ ಹೇಳಲಾಗದಷ್ಟು ಒಂದೇ ಅಳತೆ, ಒಂದೇ ಗೋಪುರ. ನಮ್ಮಪ್ಪ ನೋಡಿದ್ದರೆ “ಇದಪ್ಪ ಜೊತೆ” ಎನ್ನುತ್ತಿದ್ದ. ಆ ಗುಡಿಗಳನ್ನು ಹೇಳುವಾಗ ಎರಡೂ ಹೆಸರು ಸೇರಿಸಿಯೇ ಹೇಳುತ್ತಾರೆ.

ಹಳೇಬೀಡಿನಲ್ಲಿ ಹಾಗಾಗಲಿಲ್ಲ. ನನಗೆ ಅತ್ಯಂತ ನೋವಾಗುವುದು ಅಲ್ಲಿ. 1121ರಲ್ಲಿ ಕೇತಮಲ್ಲ ಎಂಬ ಅಧಿಕಾರಿ ಕಟ್ಟಿಸಲು ತೊಡಗಿದ ಆ ದೇಗುಲ ಒಂದಲ್ಲ, ಎರಡು. ತೆಂಕಣದ ಗರ್ಭಗುಡಿಯಲ್ಲಿ ದೊರೆ ವಿಷ್ಣುವರ್ಧನನ ಹೆಸರಿಗೆ ಹೊಯ್ಸಳೇಶ್ವರ, ಬಡಗಣದಲ್ಲಿ ರಾಣಿ ಶಾಂತಲೆಯ ಹೆಸರಿಗೆ ಶಾಂತಲೇಶ್ವರ. ನಡುವೆ ಒಂದು ಓಣಿಯಂಥ ಮಂಟಪ ಎರಡನ್ನೂ ಕೂಡಿಸುತ್ತದೆ. ಎರಡು ಲಿಂಗ, ಎದುರಿಗೆ ಎರಡು ನಂದಿ. ಕಟ್ಟಿದವರು ಯಾವುದರಲ್ಲೂ ಕಡಿಮೆ ಮಾಡಿಲ್ಲ. ಕಡಿಮೆ ಮಾಡಿದವರು ಹೆಸರು ಕರೆದವರು. ಊರಿಗೆ ಊರೇ ಅದನ್ನು ಹೊಯ್ಸಳೇಶ್ವರ ದೇವಸ್ಥಾನ ಎನ್ನುತ್ತದೆ. 2023ರಲ್ಲಿ ಬೇಲೂರು, ಸೋಮನಾಥಪುರಗಳ ಜೊತೆಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗಲೂ ಎಲ್ಲರ ಬಾಯಲ್ಲಿ ಬಂದದ್ದು ಹೊಯ್ಸಳೇಶ್ವರನೇ. ಶಾಂತಲೆ ಹೆಸರಿಲ್ಲದ ಹೆಂಗಸಾಗಿರಲಿಲ್ಲ. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದವಳು. ಅವಳ ಹೆಸರಿನ ಶಿವನೇ ಜೋಡಿಯ ಲೆಕ್ಕದಲ್ಲಿ ಮರೆಯಾದ ಎಂದಮೇಲೆ ಹಳ್ಳಿಮೈಸೂರಿನ ಕಡೆಯ ಹೆಂಗಸರ ಪಾಡನ್ನು ಬೇರೆ ಹೇಳಬೇಕೆ?

ಇಬ್ಬರೂ ಗಂಡಸರಾದರೆ ಮಾತ್ರ ಈ ತೊಡಕು ಬರುವುದಿಲ್ಲ. ಸಿನಿಮಾ ಸಂಗೀತದ ರಾಜನ್–ನಾಗೇಂದ್ರ ಎಂದರೆ ಅಣ್ಣನ ಹೆಸರೂ ಇದೆ, ತಮ್ಮನದೂ ಇದೆ. ಸಿನಿಮಾ ನಿರ್ದೇಶಕರಾದ ದೊರೆ–ಭಗವಾನ್ ಎಂದರೆ ಇಬ್ಬರೂ ಇದ್ದಾರೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಸಹೋದರರ ಕಛೇರಿಯ ಕರಪತ್ರದಲ್ಲಿ ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್ ಎಂದು ಇಬ್ಬರ ಹೆಸರೂ ಬರುತ್ತವೆ. ಜಾಗ ಸಾಲಲಿಲ್ಲ ಎಂದು ತಮ್ಮನನ್ನು ಬಿಟ್ಟವರಿಲ್ಲ. ರುದ್ರಪಟ್ಟಣದ ಮಾತು ಬಂದದ್ದರಿಂದ ಇನ್ನೊಂದು ನೆನಪಾಯಿತು. ಕಾವೇರಿ ದಡದ ಆ ಸಂಗೀತದ ಊರಿನಲ್ಲಿ ಮಕ್ಕಳಿಗೆ ಸರಳೆಯಾದ ಮೇಲೆ ಹೇಳಿಕೊಡುವುದು ಜಂಟಿವರಸೆ. ಸಸ ರಿರಿ ಗಗ ಎಂದು ಸ್ವರಗಳು ಜೋಡಿಯಾಗಿ ಬರುತ್ತವೆ. ಎರಡನ್ನೂ ಒಂದೇ ಸಮ ಹಾಡಿದರೆ ಗುರುಗಳು ಒಪ್ಪುವುದಿಲ್ಲ, ಎರಡನೆಯದಕ್ಕೆ ಒತ್ತು ಕೊಡು ಎನ್ನುತ್ತಾರೆ. ಎರಡನೆಯ ಸ್ವರಕ್ಕೆ ಒತ್ತು ಬಿದ್ದಾಗಲೇ ಅದು ಜಂಟಿ, ಇಲ್ಲದಿದ್ದರೆ ಒಂದೇ ಸ್ವರವನ್ನು ಎಳೆದ ಹಾಗೆ ಕೇಳಿಸುತ್ತದೆ.

ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಹೇಳಬಾರದು ಎಂಬ ರೂಢಿಯಿಂದ ಇದೆಲ್ಲ ಬಂದಿರಬಹುದು ಎಂದು ನಮ್ಮ ಅತ್ತಿಗೆ ಹೇಳಿದರು. ಇರಬಹುದು. ಆದರೆ ಅದೇ ರೂಢಿ ಮದುವೆಯಾಗಿ ಮನೆಗೆ ಬಂದ ಜೋಡಿಯನ್ನು ಹೊಸಿಲಿನ ಆಚೆ ನಿಲ್ಲಿಸಿ, ನಾದಿನಿಯರು ಬಾಗಿಲಿಗೆ ಅಡ್ಡ ಕೈ ಇಟ್ಟು, ಹೆಸರು ಹೇಳಿ ಒಳಗೆ ಬನ್ನಿ ಎನ್ನುತ್ತಿತ್ತಲ್ಲ. ಅವಳು ಅವನ ಹೆಸರು ಹೇಳಬೇಕು, ಅವನು ಅವಳ ಹೆಸರು ಹೇಳಬೇಕು. ಇಬ್ಬರದೂ ಕಿವಿಗೆ ಬಿದ್ದ ಮೇಲೆ ಅಕ್ಕಿ ತುಂಬಿದ ಸೇರನ್ನು ಒದ್ದು ಒಳಗೆ ಬರುವುದು. ನನ್ನ ಹೆಸರನ್ನು ಅವತ್ತು ನಮ್ಮ ಯಜಮಾನರು ಹೇಳಿದ ದನಿ ನನಗೆ ಇನ್ನೂ ಕಿವಿಯಲ್ಲಿದೆ. ಮನೆಯ ಬಾಗಿಲು ಎರಡು ಹೆಸರು ಕೇಳಿತ್ತು. ಮಗಳ ಮದುವೆಯ ಕಾಗದ ಒಂದು ಸಾಕು ಎಂದಿತು.

ನಮ್ಮವ್ವನ ವಿಷಯ ಬರೆಯದೆ ಈ ಪತ್ರ ಪೂರ್ತಿಯಾಗುವುದಿಲ್ಲ. ನಮ್ಮ ಮೂರು ಜನ ಮಕ್ಕಳ ಮದುವೆಯ ಕಾಗದದಲ್ಲೂ ಅವಳ ಹೆಸರಿರಲಿಲ್ಲ. ಹೊಲ ಅಪ್ಪನ ಹೆಸರಿನಲ್ಲಿತ್ತು, ಮನೆ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಹೋದ ಮೇಲೆ ಪೌತಿ ಖಾತೆಯಾಯಿತು. ಹೊಸ ಪಹಣಿಯನ್ನು ನಾಡಕಚೇರಿಯಿಂದ ತಂದು ಜಗಲಿಯ ಮೇಲೆ ಓದಿದೆ. ಅವ್ವನ ಹೆಸರು, ಆಮೇಲೆ ‘ಕೋಂ’, ಆಮೇಲೆ ‘ಲೇಟ್’, ಆಮೇಲೆ ಅಪ್ಪನ ಹೆಸರು. ಅವ್ವನಿಗೆ ಓದಲು ಬರುತ್ತಿರಲಿಲ್ಲ. “ಎಲ್ಲೈತೆ ತೋರ್ಸು” ಎಂದಳು. ತೋರಿಸಿದೆ. ಹೊಗೆಸೊಪ್ಪು ಮುರಿದು ಮುರಿದು ಅಂಟು ಕರೆಗಟ್ಟಿದ ತೋರುಬೆರಳನ್ನು ಆ ಅಕ್ಷರಗಳ ಮೇಲೆ ನಿಧಾನಕ್ಕೆ ಎಳೆದಳು. ಒಂದು ಸಲ ಎಳೆದು ಮುಗಿಸಿ ಮತ್ತೆ ಮೊದಲಿಂದ ಎಳೆದಳು. ಆಮೇಲೆ “ಅವ್ರು ಇರೋವಾಗ್ಲೇ ಪಕ್ಕದಾಗೆ ಬರ್ದಿದ್ರೆ ಆಗ್ತಿರ್ಲಿಲ್ವಾ?” ಎಂದು ಕೇಳಿದಳು. ಅರವತ್ತೆಂಟನೆಯ ವಯಸ್ಸಿನಲ್ಲಿ ಅವಳ ಹೆಸರು ಮೊದಲ ಸಲ ಅಚ್ಚಾದದ್ದು ಜೊತೆ ಮುರಿದ ಕಾಗದದ ಮೇಲೆ.

ಈಗ ಕಾಲ ಅಷ್ಟು ಕೆಟ್ಟಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ಅವಳ ಹೆಸರಿನ ಖಾತೆಗೇ ಬೀಳುತ್ತದೆ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಹೆಸರು ಹಿಡಿದು ಕೂಗಿದರೆ ತಲೆಯೆತ್ತಿ ಬರುವ ಹೆಂಗಸರನ್ನು ನಮ್ಮೂರಿನಲ್ಲಿ ದಿನಾ ನೋಡುತ್ತೇನೆ. ಸರ್ಕಾರದ ಚೀಟಿಗೆ ಹಿಡಿಸಿದ ಹೆಸರು ಬಂಧುಬಳಗದ ಕಾಗದಕ್ಕೆ ಹಿಡಿಸುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಇದನ್ನು ನಿಮಗೇ ಏಕೆ ಬರೆದೆ ಎಂದರೆ, ಮದುವೆ ಮನೆಯವರು ಒಕ್ಕಣೆಯನ್ನು ಯೋಚಿಸಿ ಬರೆಯುವುದಿಲ್ಲ. ನಿಮ್ಮ ಮೇಜಿನ ಮೇಲಿರುವ ಮಾದರಿಗಳ ದಪ್ಪ ಪುಸ್ತಕ ತಿರುವಿ, ಇದೇ ಥರ ಇರಲಿ ಎಂದು ಬೆರಳಿಟ್ಟು ತೋರಿಸುತ್ತಾರೆ. ನೀವು ಅಲ್ಲಿ ಹೇಗೆ ಬರೆದಿಟ್ಟಿರುತ್ತೀರೋ ನಾಲ್ಕು ತಾಲ್ಲೂಕು ಹಾಗೆ ಬರೆಯುತ್ತದೆ. ಆ ಮಾದರಿಯಲ್ಲಿ ‘ಶ್ರೀಮತಿ’ಯ ಮುಂದೆ ಒಂದು ಗೆರೆ ಎಳೆದಿಡಿ, ‘ಶ್ರೀ’ಯ ಮುಂದೆ ಇನ್ನೊಂದು, ಎರಡೂ ಒಂದೇ ಉದ್ದ. ಗೆರೆ ಖಾಲಿ ಕಂಡರೆ ತುಂಬಬೇಕೆಂದು ಯಾರಿಗಾದರೂ ಅನಿಸುತ್ತದೆ. ಯಾರೂ ತುಂಬದಿದ್ದರೆ “ಅಮ್ಮನವರ ಹೆಸರೇನು?” ಎಂದು ನೀವೇ ಬಾಯಿಬಿಟ್ಟು ಕೇಳಿ. ಹಾಗೆ ಕೇಳಿದ್ದಕ್ಕೆ ಬೇಸರಪಟ್ಟುಕೊಂಡ ಮನೆಯನ್ನು ನಾನು ಕಂಡಿಲ್ಲ. ತಾಯಿ ಒಬ್ಬಳೇ ಇದ್ದರೆ ಅವಳ ಹೆಸರಿನಲ್ಲೇ ಪತ್ರಿಕೆ ಕರೆಯಲಿ. ಹೋದವರ ಹೆಸರೂ ಪಕ್ಕದಲ್ಲಿರಲಿ, ಅದರಲ್ಲಿ ಅಮಂಗಳವೇನೂ ಇಲ್ಲ.

ಈ ಪತ್ರದ ಕೆಳಗೆ ನನ್ನ ಹೆಸರು ಹಾಕಿಲ್ಲ. ಹಾಕಿದರೆ ನಮ್ಮ ಯಜಮಾನರದನ್ನೂ ಪಕ್ಕದಲ್ಲಿ ಹಾಕಬೇಕು ಎಂದುಕೊಂಡಿದ್ದೆ. ಪೇಪರಿನಲ್ಲಿ ತಮ್ಮ ಹೆಸರು ಬರುವುದು ಬೇಡ ಎಂದು ಅವರು ಹೇಳಿದರು. ಬರುವುದಾದರೆ ಎರಡೂ ಬರಲಿ, ಇಲ್ಲದಿದ್ದರೆ ಎರಡೂ ಬೇಡ ಎಂದು ಇಬ್ಬರೂ ಕೂತು ತೀರ್ಮಾನ ಮಾಡಿದೆವು.

ಬರುವ ಮಾಘದಲ್ಲಿ ನಮ್ಮ ತಮ್ಮನ ಮಗನ ಮದುವೆ. ಲಗ್ನಪತ್ರಿಕೆಗೆ ನಾನೇ ಬರುತ್ತೇನೆ, ಒಂದು ತಿಂಗಳು ಮುಂಚೆಯೇ. ತಮ್ಮನ ಹೆಂಡತಿಯ ಹೆಸರು ಸ್ವಲ್ಪ ಉದ್ದ, ಒಂದು ಒತ್ತಕ್ಷರವೂ ಇದೆ. ಸಾಲು ಹಿಡಿಯದಿದ್ದರೆ ಎರಡು ಬದಿಯ ಹೂಬಳ್ಳಿಯನ್ನು ಒಂದಿಷ್ಟು ಸಣ್ಣ ಮಾಡಿ.